ಹೊಸಿಲು ದಾಟಿದ ಪೈಥಾನ್

“ಮಾಮಾ, ನಂಗೆ ಇದು ಬರೂದಿಲ್ಲ.”

ಅಂಕೋಲೆಯಿಂದ ಅಕ್ಕನ ಮಗಳು ಫೋನು ಮಾಡಿ ಆಡಿದ ಮೊದಲ ಮಾತೇ ಇದು. ಹುಡುಗಿ ಪ್ರಥಮ ಪಿಯುಸಿ, ಸೈನ್ಸ್. ಹತ್ತನೆಯ ತರಗತಿಯವರೆಗೆ ಓದಿದ್ದೆಲ್ಲ ಕನ್ನಡ ಮಾಧ್ಯಮದಲ್ಲಿ. ಲೆಕ್ಕದಲ್ಲಿ ಚುರುಕು. ಕಾಲೇಜಿನ ಲ್ಯಾಬಿನಲ್ಲಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆಸಲು ಶುರು ಮಾಡಿದ್ದರು. ಅದನ್ನು ಮನೆಯಲ್ಲೂ ಮಾಡಿ ನೋಡಬೇಕೆಂಬ ಆಸೆ ಅವಳಿಗೆ ಹುಟ್ಟಿತ್ತು. ಅಣ್ಣ ಗೋವಾಕ್ಕೆ ಕೆಲಸಕ್ಕೆ ಹೋಗುವಾಗ ಬಿಟ್ಟುಹೋದ ಹಳೆಯ ಲ್ಯಾಪ್‌ಟಾಪ್ ಮನೆಯಲ್ಲಿತ್ತು. ಮೂರು ಸಂಜೆ ಮೊಬೈಲಿನ ಡೇಟಾ ಸುರಿದು ಪೈಥಾನಿನ ಫೈಲ್ ಇಳಿಸಿಕೊಂಡಳು. ಡಬಲ್ ಕ್ಲಿಕ್ ಮಾಡಿದಳು. ಇಂಗ್ಲಿಷಿನಲ್ಲಿ ಏನೋ ಬರೆದ ಪೆಟ್ಟಿಗೆಯೊಂದು ಎದ್ದು ನಿಂತಿತು, ಕೆಲಸವೂ ಅಲ್ಲಿಗೇ ನಿಂತಿತು. ಮೂರನೆಯ ಸಂಜೆಗೆ ಅವಳು ಒಂದು ತೀರ್ಮಾನಕ್ಕೆ ಬಂದುಬಿಟ್ಟಿದ್ದಳು: ಬರದಿರುವುದು ಲ್ಯಾಪ್‌ಟಾಪಿಗಲ್ಲ, ತನಗೆ.

ಕಾರವಾರದಲ್ಲಿ ಕೂತು ಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಡುವ ನನಗೆ ಈ ಮಾತು ಹೊಸದಲ್ಲ. ಮಾಜಾಳಿಯ ಹುಡುಗ ಹೇಳಿದ್ದಾನೆ, ಅವರ್ಸಾದ ಹುಡುಗಿ ಹೇಳಿದ್ದಾಳೆ. ಹೀಗೆ ಹೇಳಿದವರಲ್ಲಿ ಹೆಚ್ಚಿನವರು ಪ್ರೋಗ್ರಾಮಿನ ಒಂದು ಸಾಲನ್ನೂ ಇನ್ನೂ ಬರೆದಿರುವುದಿಲ್ಲ. ಭಾಷೆಯ ಒಳಗೆ ಹೋಗಿ ಸೋತವರಲ್ಲ ಇವರು, ಬಾಗಿಲಲ್ಲೇ ತಡವರಿಸಿದವರು. ಬಾಗಿಲ ತೊಡಕನ್ನು ತಮ್ಮ ಬುದ್ಧಿಯ ತೊಡಕೆಂದು ತಿಳಿದು ಹಿಂದೆ ಸರಿಯುತ್ತಾರೆ. ನನ್ನನ್ನು ಬಹಳ ವರ್ಷಗಳಿಂದ ಕಾಡಿದ ಸಂಗತಿ ಇದು. ಆದ್ದರಿಂದ ಈ ಲೇಖನ ಪೈಥಾನ್ ಕಲಿಸುವುದಿಲ್ಲ. ಅದನ್ನು ಮನೆಯ ಕಂಪ್ಯೂಟರಿಗೆ ಬರಮಾಡಿಕೊಳ್ಳುವಾಗ ಏನೇನು ನಡೆಯುತ್ತದೆ ಎಂಬುದನ್ನಷ್ಟೇ ಬಿಡಿಸಿ ಹೇಳುತ್ತದೆ.

ಯಂತ್ರಕ್ಕೊಬ್ಬ ದುಭಾಷಿ

ಕಾರವಾರದ ಮೀನುಪೇಟೆಗೆ ಘಟ್ಟದ ಮೇಲಿನವರು ಯಾರಾದರೂ ಮೊದಲ ಸಲ ಬಂದರೆ ಅವರ ಪಾಡು ನೋಡಬೇಕು. ಬುಟ್ಟಿಯ ಹಿಂದೆ ಕೂತವರದು ಕೊಂಕಣಿ, ಕೊಳ್ಳಲು ಬಂದವರದು ಧಾರವಾಡದ ಕನ್ನಡ. ನಡುವೆ ಎರಡೂ ಬಲ್ಲವರೊಬ್ಬರು ನಿಂತರೆ ವ್ಯಾಪಾರ ಸಲೀಸು.

ಕಂಪ್ಯೂಟರಿನ ಪ್ರೊಸೆಸರ್‌ಗೆ ತಿಳಿಯುವುದು ಸೊನ್ನೆ ಮತ್ತು ಒಂದರಲ್ಲಿ ಬರೆದ ಅದರದೇ ಆಜ್ಞೆಗಳು ಮಾತ್ರ. ನಾವು ಬರೆಯುವ ಪೈಥಾನ್ ಅದಕ್ಕೆ ನೇರವಾಗಿ ತಿಳಿಯದು. ನಡುವೆ ದುಭಾಷಿ ಬೇಕು. ಈ ದುಭಾಷಿಯನ್ನು ಇಂಟರ್‌ಪ್ರಿಟರ್ ಅನ್ನುತ್ತಾರೆ. ಪೈಥಾನ್ ಇನ್‌ಸ್ಟಾಲ್ ಮಾಡುವುದೆಂದರೆ ಮುಖ್ಯವಾಗಿ ಈ ದುಭಾಷಿಯನ್ನು ಕರೆತಂದು ಮನೆಯಲ್ಲಿ ಇರಿಸಿಕೊಳ್ಳುವುದು. ಜೊತೆಗೆ ಅವನ ಗಂಟುಮೂಟೆಯೂ ಬರುತ್ತದೆ: ತಾರೀಖಿನ ಲೆಕ್ಕ, ಸರಾಸರಿ ತೆಗೆಯುವುದು, ಚಿತ್ರ ಬಿಡಿಸುವುದು ಇಂಥ ಕೆಲಸಗಳಿಗೆ ಮೊದಲೇ ಬರೆದಿಟ್ಟ ಪ್ರೋಗ್ರಾಮುಗಳ ಭಂಡಾರ, ಬರೆಯಲಿಕ್ಕೆ ಐಡಲ್ ಎಂಬ ಪುಟ್ಟ ಸಂಪಾದಕ, ಮುಂದೆ ಬೇಕಾದ್ದನ್ನು ತರಿಸಿಕೊಳ್ಳಲು ಪಿಪ್ ಎಂಬ ಸಾಧನ.

ಎಲ್ಲ ಭಾಷೆಗಳೂ ಹೀಗೆ ಪಕ್ಕದಲ್ಲಿ ನಿಂತು ಮಾತು ದಾಟಿಸುವುದಿಲ್ಲ. ನಮ್ಮ ಪಿಯುಸಿ ಮಕ್ಕಳು ಬಹುಕಾಲ ಕಲಿತ ಸಿ++ ಭಾಷೆಯದು ಬೇರೆ ಕ್ರಮ. ಅಲ್ಲಿ ಬರೆದದ್ದನ್ನೆಲ್ಲ ಒಟ್ಟಿಗೆ ಯಂತ್ರದ ಭಾಷೆಗೆ ಅನುವಾದಿಸಿ ಒಂದು ಹೊಸ ಫೈಲ್ ಮಾಡಿ ಕೊಡುವ ಕಂಪೈಲರ್ ಇರುತ್ತದೆ. ಎದುರು ನಿಂತು ಮಾತನಾಡಿಸುವುದಕ್ಕೂ ಇಡೀ ಪತ್ರವನ್ನು ಅನುವಾದ ಮಾಡಿಸಿ ಕಳಿಸುವುದಕ್ಕೂ ಇರುವಷ್ಟೇ ವ್ಯತ್ಯಾಸ. ಈ ಕೆಲಸಕ್ಕೆ ಬೋರ್ಲ್ಯಾಂಡ್ ಕಂಪನಿಯ ಟರ್ಬೊ ಸಿ++ ಅನ್ನು ವರ್ಷಗಟ್ಟಲೆ ಬಳಸಿದೆವು. ಆ ನೀಲಿ ಪರದೆಯನ್ನು ಈಗ ನಲವತ್ತರ ಆಸುಪಾಸಿನಲ್ಲಿರುವ ಯಾವ ಕಂಪ್ಯೂಟರ್ ವಿದ್ಯಾರ್ಥಿಯೂ ಮರೆತಿರಲಾರ. ಅದು 1990ರ ದಶಕದ ಆರಂಭದ, 16 ಬಿಟ್ ಕಾಲದ ಸಾಫ್ಟ್‌ವೇರ್. 64 ಬಿಟ್ ವಿಂಡೋಸ್ ಬಂದ ಮೇಲೆ ಅದು ನೇರವಾಗಿ ಓಡದಾಯಿತು. ಡಾಸ್‌ಬಾಕ್ಸ್ ಎಂಬ ಇನ್ನೊಂದು ಸಾಫ್ಟ್‌ವೇರ್ ಹಾಕಿ, ಅದರೊಳಗೆ ಹಳೆಯ ಕಂಪ್ಯೂಟರಿನ ವೇಷ ಕಟ್ಟಿಸಿ ಓಡಿಸಬೇಕಾಯಿತು. ಮನೆಯಲ್ಲಿ ಹಾಕಿಕೊಳ್ಳಲು ಹೋಗಿ ಕೈಸೋತ ಮಕ್ಕಳು ಆಗಲೂ ಇದ್ದರು. ಇತ್ತೀಚಿನ ವರ್ಷಗಳಲ್ಲಿ ಪಠ್ಯಕ್ಕೆ ಪೈಥಾನ್ ಬಂದಿದೆ, ಬಾಗಿಲು ಸ್ವಲ್ಪ ಅಗಲವಾಗಿದೆ. ಹೊಸಿಲು ಮಾತ್ರ ಇದ್ದಲ್ಲೇ ಇದೆ.

ಪೈಥಾನ್ ಹುಟ್ಟಿದ್ದು ಹಾಲೆಂಡಿನಲ್ಲಿ. ಆಮ್‌ಸ್ಟರ್‌ಡ್ಯಾಮಿನ ಸಿಡಬ್ಲ್ಯುಐ ಎಂಬ ಗಣಿತ ಮತ್ತು ಕಂಪ್ಯೂಟರ್ ವಿಜ್ಞಾನ ಸಂಸ್ಥೆಯಲ್ಲಿದ್ದ ಗೀಡೊ ವಾನ್ ರಾಸಮ್ 1989ರ ಕ್ರಿಸ್‌ಮಸ್ ರಜೆಯಲ್ಲಿ ಇದನ್ನು ಬರೆಯತೊಡಗಿದರು. ಮೊದಲ ಬಿಡುಗಡೆ 1991ರ ಫೆಬ್ರುವರಿಯಲ್ಲಿ. ಹೆಸರು ಬಂದದ್ದು ಹೆಬ್ಬಾವಿನಿಂದಲ್ಲ, ‘ಮಾಂಟಿ ಪೈಥಾನ್’ ಎಂಬ ಬ್ರಿಟಿಷ್ ಟಿ.ವಿ. ಹಾಸ್ಯ ಕಾರ್ಯಕ್ರಮದಿಂದ. ಭಾಷೆಗೆ ಬೆಲೆಯಿಲ್ಲ, ಲೈಸೆನ್ಸಿನ ಶುಲ್ಕವಿಲ್ಲ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ನಕಲು ಮಾಡಿ ಪಕ್ಕದ ಮನೆಗೂ ಕೊಡಬಹುದು. ಹಣ ಕೊಟ್ಟು ಸಾಫ್ಟ್‌ವೇರ್ ಕೊಳ್ಳಲಾಗದ ಮನೆಗಳಿಗೆ ಇದು ದೊಡ್ಡ ಮಾತು.

ಹಳೆಯ ಮನೆಗೆ ಹೊಂದುವ ಆವೃತ್ತಿ

ಫೋನಿನಲ್ಲಿ ನಾನು ಕೇಳಿದ ಮೊದಲ ಪ್ರಶ್ನೆ: “ಲ್ಯಾಪ್‌ಟಾಪಿನಲ್ಲಿ ಯಾವ ವಿಂಡೋಸ್ ಉಂಟು?”

‘ಕಂಪ್ಯೂಟರ್’ ಮೇಲೆ ಮೌಸಿನ ಬಲಗುಂಡಿ ಒತ್ತಿ, ‘ಪ್ರಾಪರ್ಟೀಸ್’ ನೋಡಿ ಅವಳು ಹೇಳಿದಳು: ವಿಂಡೋಸ್ 7, 64 ಬಿಟ್, ರ‍್ಯಾಮ್ 4 ಜಿಬಿ. ಅಲ್ಲಿಗೆ ಅರ್ಧ ಗಂಟು ಬಿಚ್ಚಿತು. ಅವಳು ಇಳಿಸಿಕೊಂಡಿದ್ದು ಎಲ್ಲಕ್ಕಿಂತ ಹೊಸ ಪೈಥಾನ್. ಹೊಸದೇ ಒಳ್ಳೆಯದೆಂದು ಯಾರಿಗೂ ಅನಿಸುತ್ತದೆ. ಆದರೆ ಪೈಥಾನ್ 3.9ರಿಂದ ಈಚಿನ ಯಾವ ಆವೃತ್ತಿಯೂ ವಿಂಡೋಸ್ 7ರಲ್ಲಿ ನಡೆಯುವುದಿಲ್ಲ. ಆ ಪೆಟ್ಟಿಗೆಯಲ್ಲಿ ಇಂಗ್ಲಿಷಿನಲ್ಲಿ ಬರೆದದ್ದು ಇಷ್ಟನ್ನೇ. ಅದು ಕನ್ನಡದಲ್ಲಿದ್ದರೆ ಮೂರು ಸಂಜೆಯ ಬೇಗುದಿ ಮೂರು ನಿಮಿಷದಲ್ಲಿ ಮುಗಿಯುತ್ತಿತ್ತು.

ಪೈಥಾನಿನ ಹೊಸ ಆವೃತ್ತಿ ಈಗ ಪ್ರತಿ ವರ್ಷ ಅಕ್ಟೋಬರಿನಲ್ಲಿ ಬರುತ್ತದೆ. ಒಂದೊಂದಕ್ಕೂ ಸುಮಾರು ಐದು ವರ್ಷ ಆರೈಕೆ. ಅಷ್ಟರೊಳಗೆ ತಪ್ಪು ಕಂಡರೆ, ಕಳ್ಳರಿಗೆ ದಾರಿಯಾಗುವ ಬಿರುಕು ಕಂಡರೆ ಸರಿಪಡಿಸಿ ಕೊಡುತ್ತಾರೆ. ಆಮೇಲೆ ಇಲ್ಲ. ವಿಂಡೋಸ್ 7 ಇದ್ದವರಿಗೆ ಕೊನೆಯದು 3.8, ವಿಂಡೋಸ್ 8.1 ಇದ್ದವರಿಗೆ 3.12. ವಿಂಡೋಸ್ 10 ಮತ್ತು 11 ಇದ್ದರೆ ಈಗಿನದನ್ನೇ ಹಾಕಬಹುದು. 32 ಬಿಟ್ ಯಂತ್ರಕ್ಕೆ 64 ಬಿಟ್‌ನ ಫೈಲ್ ನಡೆಯದು ಎಂಬುದೂ ನೆನಪಿರಬೇಕು. 3.8ರ ಆರೈಕೆ 2024ರಲ್ಲಿ ಮುಗಿದಿದೆ. ಕಲಿಕೆಗೆ ಅದು ಧಾರಾಳ ಸಾಕು. ಬ್ಯಾಂಕಿನ ವ್ಯವಹಾರ ನಡೆಸುವ ಯಂತ್ರಕ್ಕೆ ಮಾತ್ರ ಬೇಡ.

ಅಂಕೋಲೆಯ ಮನೆಯಲ್ಲಿ ಮಳೆಗಾಲದಲ್ಲಿ ಸಿಗ್ನಲ್ ಒಮ್ಮೆ ಉಂಟು, ಒಮ್ಮೆ ಇಲ್ಲ. ಆದ್ದರಿಂದ ನಾನೇ ಕಾರವಾರದಲ್ಲಿ ಪೈಥಾನಿನ ಅಧಿಕೃತ ತಾಣದಿಂದ 3.8.10 ಇಳಿಸಿಕೊಂಡೆ. 3.8ರ ಸಾಲಿನಲ್ಲಿ ವಿಂಡೋಸ್‌ಗೆ ಸಿದ್ಧ ಫೈಲ್ ಸಿಗುವುದು ಅಲ್ಲಿಯವರೆಗೆ ಮಾತ್ರ. ಗಾತ್ರ ಮೂವತ್ತು ಎಂಬಿಗಿಂತ ಕಡಿಮೆ. ನಾವು ಮೊಬೈಲಿನಲ್ಲಿ ನೋಡುವ ಒಂದು ವಿಡಿಯೊಗೂ ಸಾಲದಷ್ಟು ಡೇಟಾದಲ್ಲಿ ಒಂದು ಭಾಷೆಯೇ ಬಂದುಬಿಡುತ್ತದೆ.

ಪೆನ್‌ಡ್ರೈವಿನಲ್ಲಿ ಬಂದ ಫೈಲನ್ನು ಕಣ್ಣುಮುಚ್ಚಿ ನಂಬಬಾರದು, ನಾನು ತಂದಿದ್ದರೂ. ಫೈಲಿನ ಮೇಲೆ ಬಲಗುಂಡಿ ಒತ್ತಿ ‘ಪ್ರಾಪರ್ಟೀಸ್’ ತೆರೆದರೆ ‘ಡಿಜಿಟಲ್ ಸಿಗ್ನೇಚರ್ಸ್’ ಎಂಬ ಪುಟವಿರುತ್ತದೆ. ಅಲ್ಲಿ ‘ಪೈಥಾನ್ ಸಾಫ್ಟ್‌ವೇರ್ ಫೌಂಡೇಶನ್’ ಎಂಬ ಹೆಸರು ಕಾಣಬೇಕು. ಇದು ಫೈಲಿನ ರುಜು. ರುಜು ಇಲ್ಲದ ಕಾಗದವನ್ನು ತಹಶೀಲ್ದಾರ್ ಕಚೇರಿಯಲ್ಲಿ ಒಪ್ಪದ ಹಾಗೆಯೇ ರುಜು ಇಲ್ಲದ ಫೈಲನ್ನು ಮನೆಯ ಕಂಪ್ಯೂಟರಿಗೂ ಒಪ್ಪಿಸಬಾರದು. ಅಡ್ಡದಾರಿಯ ತಾಣಗಳಿಂದ ಇಳಿಸಿದ ಫೈಲುಗಳು ಎಂತೆಂಥ ಉಪದ್ರ ತರುತ್ತವೆ ಎಂಬುದನ್ನು ಬಲ್ಲೆನಾದ್ದರಿಂದ ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ.

ಕೇರಿ ಗೊತ್ತಿಲ್ಲದ ಅಂಚೆಯಣ್ಣ

ಭಾನುವಾರ ಬೆಳಿಗ್ಗೆ ಬಸ್ ಹತ್ತಿದೆ. ಹೊರಗೆ ಜುಲೈ ತಿಂಗಳ ಮಳೆ. ಕಿಟಕಿಯಾಚೆ ಕಡಲೂ ಮುಗಿಲೂ ಒಂದೇ ಬಣ್ಣ. ಹೊನ್ನೆಕೇರಿಯ ಅಕ್ಕನ ಮನೆಯ ಜಗಲಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಹುಡುಗಿ ಕಾದಿದ್ದಳು. ಪೆನ್‌ಡ್ರೈವ್ ಕೊಟ್ಟು, “ನೀನೇ ಹಾಕು, ನಾ ಮುಟ್ಟೂದಿಲ್ಲ” ಎಂದೆ.

ನೀಲಿ, ಹಳದಿ ಬಣ್ಣದ ಗುರುತಿನ ಕಿಟಕಿ ತೆರೆಯಿತು. ಮೇಲೆ ದೊಡ್ಡದಾಗಿ ‘ಇನ್‌ಸ್ಟಾಲ್ ನೌ’. ಕೆಳಗೆ, ಕಣ್ಣಿಗೆ ಬೀಳದ ಹಾಗೆ, ಒಂದು ಖಾಲಿ ಚೌಕ. ಅದರ ಪಕ್ಕದಲ್ಲಿ ‘ಪೈಥಾನನ್ನು ಪಾತ್‌ಗೆ ಸೇರಿಸು’ ಎಂಬ ಅರ್ಥದ ಇಂಗ್ಲಿಷ್ ಸಾಲು. ಎಲ್ಲರೂ ಮಾಡುವುದನ್ನೇ ಅವಳೂ ಮಾಡಿದಳು. ದೊಡ್ಡದನ್ನು ಒತ್ತಿದಳು, ಚಿಕ್ಕದನ್ನು ಬಿಟ್ಟಳು. ಹಸಿರು ಪಟ್ಟಿ ತುಂಬಿತು. ಯಶಸ್ವಿಯಾಯಿತು ಎಂಬ ಸಂದೇಶ ಬಂತು. ಆಜ್ಞೆ ಬರೆಯುವ ‘ಕಮಾಂಡ್ ಪ್ರಾಂಪ್ಟ್’ ಎಂಬ ಕಪ್ಪು ಕಿಟಕಿ ತೆರೆದು, ಲ್ಯಾಬಿನಲ್ಲಿ ಕಲಿಸಿದಂತೆ ‘ಪೈಥಾನ್’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಎಂಟರ್ ಒತ್ತಿದಳು. ಇಂಥ ಹೆಸರಿನ ಆಜ್ಞೆ ತನಗೆ ಗೊತ್ತಿಲ್ಲ ಎಂದು ಯಂತ್ರ ಉತ್ತರಿಸಿತು.

ಅವಳ ಮುಖ ಬಾಡಿತು. “ಈಗಷ್ಟೇ ಹಾಕಿದ್ದಲ್ಲ ಮಾಮಾ? ಎಲ್ಲಿ ಹೋಯ್ತು?”

“ಎಲ್ಲಿಗೂ ಹೋಗಲಿಲ್ಲ. ಅಂಚೆಯಣ್ಣನಿಗೆ ಕೇರಿ ಗೊತ್ತಿಲ್ಲ.”

ಅಂಕೋಲೆಯಲ್ಲಿ ಮನೆ ನಂಬರು ಹಿಡಿದು ಯಾರೂ ಮನೆ ಹುಡುಕುವುದಿಲ್ಲ. ಹೊನ್ನೆಕೇರಿ, ತೆಂಕಣಕೇರಿ, ಕುಂಬಾರಕೇರಿ ಎಂದು ಕೇರಿಯ ಹೆಸರು ಹಿಡಿದೇ ಹೋಗಬೇಕು. ಕಾರವಾರದಲ್ಲಾದರೆ ಹಬ್ಬುವಾಡಾ, ಸೋನಾರವಾಡಾ. ಊರಿಗೆ ಹೊಸದಾಗಿ ಬಂದ ಅಂಚೆಯಣ್ಣನ ಕೈಗೆ ನಾಲ್ಕು ಕೇರಿಗಳ ಪಟ್ಟಿ ಕೊಟ್ಟಿದ್ದಾರೆ ಎಂದುಕೊಳ್ಳಿ. ಹೆಸರೊಂದೇ ಬರೆದ ಕಾಗದ ಬಂದರೆ ಅವನು ಪಟ್ಟಿಯ ಮೊದಲ ಕೇರಿಯಲ್ಲಿ ಕೇಳುತ್ತಾನೆ. ಅಲ್ಲಿಲ್ಲದಿದ್ದರೆ ಎರಡನೆಯದು, ಮೂರನೆಯದು, ನಾಲ್ಕನೆಯದು. ಎಲ್ಲಿಯೂ ಸಿಗದಿದ್ದರೆ ‘ಈ ಹೆಸರಿನವರು ಇಲ್ಲ’ ಎಂದು ಬರೆದು ಕಾಗದ ಮರಳಿಸುತ್ತಾನೆ. ಆ ಮನುಷ್ಯ ಐದನೆಯ ಕೇರಿಯಲ್ಲಿ ಜಗಲಿಯ ಮೇಲೆ ಕೂತು ಕಾಗದಕ್ಕಾಗಿ ಕಾಯುತ್ತಿರಬಹುದು. ಪಟ್ಟಿಯಲ್ಲಿ ಆ ಕೇರಿಯೇ ಇಲ್ಲದಿದ್ದರೆ ಅಂಚೆಯಣ್ಣನದೇನು ತಪ್ಪು?

ವಿಂಡೋಸಿನಲ್ಲಿ ‘ಪಾತ್’ ಎಂದರೆ ಈ ಪಟ್ಟಿ. ನಾವೊಂದು ಆಜ್ಞೆ ಬರೆದರೆ ಕಪ್ಪು ಕಿಟಕಿಯು ಆ ಹೆಸರಿನ ಪ್ರೋಗ್ರಾಮನ್ನು ಮೊದಲು ನಾವು ನಿಂತಿರುವ ಫೋಲ್ಡರಿನಲ್ಲಿ ಹುಡುಕುತ್ತದೆ, ಆಮೇಲೆ ಪಟ್ಟಿಯಲ್ಲಿರುವ ಫೋಲ್ಡರುಗಳಲ್ಲಿ ಒಂದರ ನಂತರ ಒಂದಾಗಿ. ‘ಇನ್‌ಸ್ಟಾಲ್ ನೌ’ ಒತ್ತಿದಾಗ ಪೈಥಾನ್ ಹೋಗಿ ಕೂತದ್ದು ಬಳಕೆದಾರರ ಹೆಸರಿನ ಫೋಲ್ಡರು, ಅದರೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು, ಹೀಗೆ ಬಹಳ ಒಳಗಿನ ಒಂದು ಓಣಿಯಲ್ಲಿ. ಆ ಖಾಲಿ ಚೌಕಕ್ಕೆ ಗುರುತು ಹಾಕಿದ್ದರೆ ಆ ಓಣಿ ಪಟ್ಟಿಗೆ ಸೇರುತ್ತಿತ್ತು.

ಸರಿಪಡಿಸುವುದು ಸುಲಭ. ಅದೇ ಫೈಲನ್ನು ಮತ್ತೆ ತೆರೆದು ‘ಮಾಡಿಫೈ’, ನಂತರ ‘ನೆಕ್ಸ್ಟ್’ ಒತ್ತಿದರೆ ‘ಎನ್ವಿರಾನ್ಮೆಂಟ್ ವೇರಿಯೆಬಲ್ಸ್’ಗೆ ಸೇರಿಸು ಎಂಬ ಸಾಲು ಸಿಗುತ್ತದೆ. ಅದಕ್ಕೆ ಗುರುತು ಹಾಕಬೇಕು. ಹುಡುಗಿ ಹಾಗೇ ಮಾಡಿದಳು. ತೆರೆದೇ ಇದ್ದ ಕಪ್ಪು ಕಿಟಕಿಯಲ್ಲಿ ಮತ್ತೆ ಬರೆದಳು. ಮತ್ತೆ ಅದೇ ಉತ್ತರ. ಇಲ್ಲಿ ಬಹಳ ಜನ ಎರಡನೆಯ ಸಲ ಸೋಲುತ್ತಾರೆ. ಕಿಟಕಿ ತೆರೆಯುವಾಗಲೇ ಪಟ್ಟಿಯನ್ನು ಓದಿಕೊಂಡಿರುತ್ತದೆ, ಆಮೇಲೆ ಬದಲಾದದ್ದು ಅದಕ್ಕೆ ತಿಳಿಯದು. ಅದನ್ನು ಮುಚ್ಚಿ ಹೊಸದನ್ನು ತೆರೆದಳು. ಈ ಸಲ ಆವೃತ್ತಿಯ ಸಂಖ್ಯೆ ಬಂತು, ಅದರ ಕೆಳಗೆ ಬಾಣದ ಮೊನೆಯಂಥ ಮೂರು ಗುರುತು. ದುಭಾಷಿ ಬಂದು ಎದುರು ಕೂತಿದ್ದಾನೆ, ಏನು ಬೇಕೆಂದು ಕೇಳುತ್ತಿದ್ದಾನೆ ಎಂಬುದರ ಗುರುತು ಅದು.

ಪಾತ್ ಮರೆತವರಿಗೆ ಇನ್ನೊಂದು ದಾರಿಯೂ ಉಂಟು. ಅಧಿಕೃತ ಫೈಲಿನಿಂದ ಹಾಕಿದ್ದರೆ ‘ಪಿ’, ‘ವೈ’ ಎಂಬ ಎರಡೇ ಇಂಗ್ಲಿಷ್ ಅಕ್ಷರ ಬರೆದರೂ ಪೈಥಾನ್ ತೆರೆಯುತ್ತದೆ. ವಿಂಡೋಸ್ 10, 11ರಲ್ಲಿ ಪೈಥಾನ್ ಎಂದು ಬರೆದ ಕೂಡಲೇ ಮೈಕ್ರೋಸಾಫ್ಟಿನ ಅಂಗಡಿಯ ಪುಟ ತೆರೆದುಕೊಂಡರೆ ಗಾಬರಿ ಬೇಡ. ಅಲ್ಲಿಯೂ ಕಾರಣ ಇದೇ, ಪಟ್ಟಿಯಲ್ಲಿ ಪೈಥಾನ್ ಸಿಗಲಿಲ್ಲವೆಂದು ಅರ್ಥ.

ಕಾರವಾರಕ್ಕೂ ಆರು, ಅಂಕೋಲಾಕ್ಕೂ ಆರು

ಅಕ್ಕ ಅಡುಗೆಮನೆಯಿಂದ ಬಂದು ಮಗಳ ಹಿಂದೆ ನಿಂತಳು. “ಇದ್ರಲ್ಲಿ ನಮ್ಮ ಸಂಘದ ಲೆಕ್ಕ ಆಗೂದನಾ?” ಎಂದು ಕೇಳಿದಳು. ಅವಳದು ಹನ್ನೆರಡು ಹೆಂಗಸರ ಸ್ವಸಹಾಯ ಸಂಘ. ವಾರಕ್ಕೆ ತಲಾ ನೂರು ರೂಪಾಯಿ ಉಳಿತಾಯ. ಹುಡುಗಿ ಮೂರು ಬಾಣದ ಮುಂದೆ ಹನ್ನೆರಡು, ನೂರು, ಐವತ್ತೆರಡನ್ನು ಗುಣಿಸಿ ಎಂಟರ್ ಒತ್ತಿದಳು: 62,400. ಅಕ್ಕ ಕಪಾಟಿನಿಂದ ಸಂಘದ ವಹಿ ತಂದು ತಾಳೆ ನೋಡಿದಳು. ವರ್ಷದ ಒಟ್ಟು ಸರಿಯಾಗಿತ್ತು. ಲೆಕ್ಕ ಮಾಡಲು ಕ್ಯಾಲ್ಕ್ಯುಲೇಟರೂ ಸಾಕು, ನಿಜ. ಆದರೆ ಯಾರ ಸಾಲದ ಬಡ್ಡಿ ಎಷ್ಟು, ಯಾರ ಕಂತು ಬಾಕಿ ಎಂಬುದನ್ನೆಲ್ಲ ಒಮ್ಮೆ ಬರೆದಿಟ್ಟರೆ ವಾರವಾರವೂ ತಾನಾಗಿಯೇ ಮಾಡಿಕೊಡುವಂತೆ ಹೇಳಬಹುದು ಎಂದಾಗ ತಾಯಿ ಮಗಳಿಬ್ಬರೂ ಹತ್ತಿರ ಸರಿದು ಕೂತರು.

ಹುಡುಗಿಯ ಪ್ರಶ್ನೆ ಬೇರೆಯಿತ್ತು. “ಕನ್ನಡದಲ್ಲಿ ಬರೀಲಿಕ್ಕೆ ಆಗ್ತದಾ?”

ಆಗುತ್ತದೆ. ಕಪ್ಪು ಕಿಟಕಿಯಲ್ಲಿ ಕನ್ನಡ ಅಕ್ಷರ ಸರಿಯಾಗಿ ಮೂಡದು, ಒಡೆದು ಕಾಣುತ್ತದೆ. ಅದಕ್ಕೆ ಐಡಲ್ ತೆರೆಯಬೇಕು. ಬರೆಯುವಾಗ ಎಲ್ಲ ಲಿಪಿಗಳಿಗೂ ಒಂದೇ ಆದ ಯೂನಿಕೋಡ್ ಸಂಕೇತದ ಕನ್ನಡವೇ ಇರಬೇಕು. ಕಚೇರಿಗಳ ಹಳೆಯ ಕಡತಗಳಲ್ಲಿರುವ ಯೂನಿಕೋಡ್ ಅಲ್ಲದ ನುಡಿ, ಬರಹ ಫಾಂಟುಗಳ ಕನ್ನಡ ಪೈಥಾನಿಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸದಲ್ಲೇ ಬೆರಳಾಡಿಸುವವರು ಔಟ್‌ಪುಟ್ ಮಾತ್ರ ಯೂನಿಕೋಡಿಗೆ ಬದಲಾಯಿಸಿಕೊಂಡರೆ ಸಾಕು.

ಅವಳು ಐಡಲ್‌ನಲ್ಲಿ ಪದದ ಉದ್ದ ಹೇಳುವ ‘ಲೆನ್’ ಆಜ್ಞೆಗೆ ‘ಕಾರವಾರ’ ಎಂದು ಕೊಟ್ಟಳು. ಉತ್ತರ ಬಂತು: 6. ಬೆರಳು ಮಡಿಸಿ ಎಣಿಸಿದಳು. ಕಾ, ರ, ವಾ, ರ. ನಾಲ್ಕೇ. ತನ್ನ ಊರನ್ನು ಕೊಟ್ಟು ನೋಡಿದಳು, ‘ಅಂಕೋಲಾ’. ಅದಕ್ಕೂ 6. ಅಂ, ಕೋ, ಲಾ. ಮೂರೇ.

“ತಪ್ಪು ಹೇಳ್ತದೆ ಮಾಮಾ.”

ತಪ್ಪಲ್ಲ, ಅದು ಎಣಿಸುವ ಬಗೆಯೇ ಬೇರೆ. ಒಂದನೆಯ ತರಗತಿಯಲ್ಲಿ ಸ್ಲೇಟಿನ ಮೇಲೆ ತಿದ್ದಿದ ಕಾಗುಣಿತವನ್ನು ನೆನಪಿಸಿಕೊಳ್ಳಬೇಕು. ‘ಕ’ ಎಂಬ ಅಕ್ಷರಕ್ಕೆ ದೀರ್ಘದ ಚಿಹ್ನೆ ಸೇರಿದರೆ ‘ಕಾ’. ನಮ್ಮ ಕಣ್ಣಿಗೆ ಅದು ಒಂದು ಅಕ್ಷರ, ಯೂನಿಕೋಡಿಗೆ ಎರಡು: ‘ಕ’ ಒಂದು, ಚಿಹ್ನೆ ಇನ್ನೊಂದು. ಯೂನಿಕೋಡಿನಲ್ಲಿ ಪ್ರತಿಯೊಂದಕ್ಕೂ ಒಂದು ಸಂಖ್ಯೆಯಿದೆ. ‘ಕ’ದ ಸಂಖ್ಯೆ 3221. ಕಾರವಾರದಲ್ಲಿ ನಾಲ್ಕು ವ್ಯಂಜನ, ಎರಡು ದೀರ್ಘ, ಒಟ್ಟು ಆರು. ಅಂಕೋಲಾದಲ್ಲಿ ಅ, ಅನುಸ್ವಾರ, ಕ, ಓಕಾರದ ಚಿಹ್ನೆ, ಲ, ದೀರ್ಘ. ಅದೂ ಆರು. ಕಾಗದದ ಮೇಲೆ ತಾನೇ ಬಿಡಿಸಿ ಬರೆದು ನೋಡಿದ ಮೇಲೆ ಅವಳ ಮುಖದಲ್ಲಿ ಮೂಡಿದ ಬೆಳಕನ್ನು ನಾನು ಮರೆಯಲಾರೆ. ಕನ್ನಡ ಶಾಲೆಯ ಕಾಗುಣಿತ ಕಂಪ್ಯೂಟರಿನ ಒಳಗಿನ ರಚನೆಯನ್ನು ತಿಳಿಸಿಕೊಡುತ್ತದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಯೂನಿಕೋಡಿನ ಮೊದಲ ಆವೃತ್ತಿ ಹೊರಬಂದದ್ದೂ ಪೈಥಾನ್ ಹೊರಬಂದ 1991ರಲ್ಲೇ. ಕನ್ನಡಕ್ಕೆ ಅದರಲ್ಲಿ ಆಗಲೇ ಜಾಗವಿತ್ತು. ಆದರೆ ಪೈಥಾನಿನಲ್ಲಿ ಎಲ್ಲ ಪಠ್ಯವೂ ಯೂನಿಕೋಡೇ ಎಂದಾದದ್ದು 2008ರ ಡಿಸೆಂಬರಿನಲ್ಲಿ ಮೂರನೆಯ ಆವೃತ್ತಿ ಬಂದ ಮೇಲೆ. ಅದರಿಂದ ಇನ್ನೊಂದು ಲಾಭವೂ ಆಯಿತು. ಪ್ರೋಗ್ರಾಮಿನಲ್ಲಿ ನಾವು ಇಡುವ ಹೆಸರುಗಳು ಕನ್ನಡದಲ್ಲೇ ಇರಬಹುದು. ಉಳಿತಾಯಕ್ಕೆ ‘ಉಳಿತಾಯ’ ಎಂದೂ ಬಡ್ಡಿಗೆ ‘ಬಡ್ಡಿ’ ಎಂದೂ ಬರೆದರೆ ಪೈಥಾನ್ ಒಪ್ಪುತ್ತದೆ.

ಮರಳಿನ ಮೇಲೆ ಆಮೆಯ ಗೆರೆ

ಮಧ್ಯಾಹ್ನ ಕರೆಂಟು ಹೋಯಿತು. ಬ್ಯಾಟರಿಯಲ್ಲಿ ಒಂದು ತಾಸಿನ ಜೀವ ಉಳಿದಿತ್ತು. ನೆಟ್ಟೂ ಇರಲಿಲ್ಲ. ಕೆಲಸ ನಿಲ್ಲಲಿಲ್ಲ. ದುಭಾಷಿ ಮನೆಯೊಳಗೇ ಇರುವಾಗ ಹೊರಗಿನ ಹಂಗೇಕೆ? ಮೊಬೈಲಿನಲ್ಲಿ ಎಲ್ಲವೂ ಸಿಗುತ್ತದೆ, ಇನ್‌ಸ್ಟಾಲ್ ಯಾಕೆ ಮಾಡಬೇಕೆಂದು ಕೇಳುವವರಿಗೆ ನಾನು ಕೊಡುವ ಉತ್ತರವೂ ಇದೇ. ನಮ್ಮ ಮಳೆಗಾಲದಲ್ಲಿ ಮನೆಯೊಳಗೆ ಇದ್ದದ್ದೇ ಕೈಗೆ ಒದಗುವುದು.

ಪೈಥಾನಿನ ಗಂಟಿನಲ್ಲಿ ‘ಟರ್ಟಲ್’ ಎಂಬುದೊಂದಿದೆ, ಆಮೆ. ಚಳಿಗಾಲದ ರಾತ್ರಿಗಳಲ್ಲಿ ಮಾಜಾಳಿ, ದೇವಬಾಗದ ಕಡೆ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆಯಿಡಲು ದಡಕ್ಕೆ ಬರುತ್ತವೆ. ಬೆಳಿಗ್ಗೆ ಹೋದರೆ ಮರಳಿನ ಮೇಲೆ ಅವು ನಡೆದ ಗೆರೆ ಕಾಣುತ್ತದೆ. ಪರದೆಯ ಆಮೆಯೂ ಹಾಗೇ, ನಡೆದಲ್ಲೆಲ್ಲ ಗೆರೆ ಬಿಡುತ್ತದೆ. ಈ ಕಲ್ಪನೆ ಪೈಥಾನಿಗಿಂತ ಹಳೆಯದು. 1967ರಲ್ಲಿ ಅಮೆರಿಕದಲ್ಲಿ ಸೀಮೋರ್ ಪ್ಯಾಪರ್ಟ್, ಸಿಂಥಿಯಾ ಸಾಲಮನ್, ವಾಲಿ ಫರ್ಜಿಗ್ ಮಕ್ಕಳಿಗಾಗಿ ರೂಪಿಸಿದ ಲೋಗೋ ಭಾಷೆಯ ಬಳಗದಿಂದ ಬಂದದ್ದು ಅದು. ಮಗು ತಾನೇ ಆಮೆಯಾಗಿ, ಮುಂದೆ ನೂರು ಹೆಜ್ಜೆ, ಬಲಕ್ಕೆ ತಿರುಗು ಎಂದು ಯೋಚಿಸಿದರೆ ಜ್ಯಾಮಿತಿ ತಾನಾಗಿ ಮೈಗೂಡುತ್ತದೆ ಎಂಬುದು ಪ್ಯಾಪರ್ಟ್ ಅವರ ನಂಬಿಕೆ.

ಆ ಲೋಗೋ ಕನ್ನಡಕ್ಕೂ ಬಂದಿದೆ ಎಂಬುದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಮುಂಬಯಿಯ ಭಾಭಾ ಪರಮಾಣು ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದ, 1996ರಲ್ಲಿ ‘ವಿಶ್ವಕನ್ನಡ’ ಅಂತರಜಾಲ ಪತ್ರಿಕೆ ಆರಂಭಿಸಿದ ಡಾ. ಯು.ಬಿ. ಪವನಜ ಅವರು ಅದರ ಆಜ್ಞೆಗಳನ್ನೇ ಕನ್ನಡಕ್ಕೆ ತಂದು ಕನ್ನಡ ಲೋಗೋ ರೂಪಿಸಿದರು. ಪ್ರೋಗ್ರಾಮಿಂಗ್ ಕಲಿಯಲು ಮೊದಲು ಇಂಗ್ಲಿಷ್ ಕಲಿಯಬೇಕು ಎಂಬ ಮಾತಿಗೆ ಅದು ಕೆಲಸದಲ್ಲೇ ಕೊಟ್ಟ ಉತ್ತರ.

ಹುಡುಗಿಗೆ ಅದರ ಒಂದು ತುಣುಕನ್ನು ಪೈಥಾನಿನಲ್ಲೇ ಮಾಡಿ ತೋರಿಸಿದೆ. ಮುಂದೆ ಹೋಗುವ ಇಂಗ್ಲಿಷ್ ಆಜ್ಞೆಗೆ ‘ಮುಂದೆ’ ಎಂದೂ ತಿರುಗುವ ಆಜ್ಞೆಗೆ ‘ಬಲಕ್ಕೆ’ ಎಂದೂ ಹೆಸರಿಟ್ಟೆವು. ಆಮೇಲೆ ಅವಳು ಬರೆದದ್ದು ಬರೀ ಕನ್ನಡ. ಮುಂದೆ ನೂರು, ಬಲಕ್ಕೆ ತೊಂಬತ್ತು, ನಾಲ್ಕು ಸಲ. ಚೌಕ ಬಂತು. ಚೌಕವನ್ನು ಹತ್ತು ಹತ್ತು ಡಿಗ್ರಿ ತಿರುಗಿಸುತ್ತ ಮೂವತ್ತಾರು ಸಲ ಬಿಡಿಸಲು ಹೇಳಿದಳು. ಪರದೆಯ ಮೇಲೆ ದೊಡ್ಡದೊಂದು ರಂಗೋಲಿ ಅರಳಿತು. ಅಕ್ಕ ಕಣ್ಣರಳಿಸಿ ನೋಡಿದಳು. ಬ್ಯಾಟರಿ ಮುಗಿದು ಪರದೆ ಕಪ್ಪಾಗುವವರೆಗೂ ಮೂವರೂ ಅಲ್ಲಿಂದ ಏಳಲಿಲ್ಲ.

ಬಾಗಿಲಲ್ಲಿ ಒಬ್ಬರು ನಿಲ್ಲಬೇಕು

ಇದೇ ಅಂಕೋಲೆಯವರಾದ ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿ, ಬಡವರ ಮಕ್ಕಳು ಓದಿಗಾಗಿ ದೂರ ಹೋಗಬಾರದೆಂದು ಶಾಲೆಗಳನ್ನೇ ಮಕ್ಕಳ ಬಳಿಗೆ ತಂದರು. 1966ರಲ್ಲಿ ಗೋಖಲೆ ಶತಮಾನೋತ್ಸವದ ಹೆಸರಿನಲ್ಲಿ ಅಂಕೋಲೆಗೆ ಕಾಲೇಜು ಬಂತು. 2007ರಲ್ಲಿ ಕಾರವಾರದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಶುರುವಾಯಿತು. ದೂರ ಹೀಗೆ ಒಂದೊಂದಾಗಿ ಕಡಿಮೆಯಾಗಿದೆ. ಈಗ ಉಳಿದಿರುವುದು ಕಿಲೋಮೀಟರಿನಲ್ಲಿ ಅಳೆಯಲಾಗದ ದೂರ. ಕಂಪ್ಯೂಟರ್ ಮನೆಯಲ್ಲೇ ಇರುತ್ತದೆ, ಭಾಷೆ ಬಿಟ್ಟಿಯಾಗಿ ಸಿಗುತ್ತದೆ, ನಡುವೆ ಅರ್ಥವಾಗದ ಒಂದು ಚಿಕ್ಕ ಚೌಕ ಅಡ್ಡ ನಿಂತಿರುತ್ತದೆ.

ಅದನ್ನು ದಾಟಿಸಲು ದೊಡ್ಡ ಯೋಜನೆ ಬೇಡ. ಲ್ಯಾಬಿನಲ್ಲಿ ಪೈಥಾನ್ ಮೊದಲೇ ಹಾಕಿರುತ್ತಾರೆ, ಆದ್ದರಿಂದ ಹಾಕುವುದು ಹೇಗೆಂದು ಮಕ್ಕಳು ನೋಡುವುದೇ ಇಲ್ಲ. ವರ್ಷದ ಮೊದಲ ಪ್ರಾಕ್ಟಿಕಲ್ ಅನ್ನು ಇದಕ್ಕೇ ಮೀಸಲಿಡಬಹುದು: ತೆಗೆದುಹಾಕಿ, ಮತ್ತೆ ಹಾಕಿ, ಬೇಕೆಂದೇ ಆ ಚೌಕ ಬಿಟ್ಟು ತಪ್ಪು ಮಾಡಿ, ಸರಿಪಡಿಸಿ. ಒಂದು ಪುಟದ ಕನ್ನಡ ಸೂಚನೆಯನ್ನು ಲ್ಯಾಬಿನ ಗೋಡೆಗೆ ಅಂಟಿಸಬಹುದು. ಐಐಟಿ ಬಾಂಬೆಯ ‘ಸ್ಪೋಕನ್ ಟ್ಯುಟೋರಿಯಲ್’ ಯೋಜನೆಯ ಪಾಠಗಳಲ್ಲಿ ಹಲವು ಕನ್ನಡ ಧ್ವನಿಯಲ್ಲೂ ಇವೆ. ಅವನ್ನು ನೆಟ್ ಇರುವಲ್ಲಿ ಇಳಿಸಿಕೊಂಡು ನೆಟ್ ಇಲ್ಲದ ಮನೆಗೆ ಒಯ್ಯಬಹುದು. ಹಳೆಯ ಲ್ಯಾಪ್‌ಟಾಪ್ ಇರುವವರು ಉಬುಂಟುವಿನಂಥ ಲಿನಕ್ಸ್ ಹಾಕಿಕೊಂಡರೆ ಪೈಥಾನ್ ಅದರ ಜೊತೆಗೇ ಬಂದಿರುತ್ತದೆ. ಆಮೆಯ ಚಿತ್ರಕ್ಕೆ ‘ಟಿಕೆ’ ಎಂಬುದೊಂದನ್ನು ಬೇರೆಯಾಗಿ ಸೇರಿಸಿಕೊಂಡರಾಯಿತು.

ಎಲ್ಲಕ್ಕಿಂತ ಮುಖ್ಯವಾಗಿ, ಮೊದಲ ದಿನ ಒಬ್ಬರು ಪಕ್ಕದಲ್ಲಿ ಕೂತಿರಬೇಕು. ಕೀಲಿಮಣೆ ಮಗುವಿನ ಕೈಯಲ್ಲೇ ಇರಲಿ. ತಪ್ಪಾದಾಗ ಅದು ಯಾರ ತಪ್ಪು ಎಂದು ಬಿಡಿಸಿ ಹೇಳುವ ದನಿಯೊಂದು ಇದ್ದರೆ ಸಾಕು.

ಒಂದು ವಾರದ ನಂತರ ರಾತ್ರಿ ಮತ್ತೆ ಫೋನು ಬಂತು. ಅವಳು ರಂಗೋಲಿಯ ಪ್ರೋಗ್ರಾಮನ್ನು ಹೊಸ ಫೈಲಿನಲ್ಲಿ ಬರೆದಿದ್ದಳು. ಓಡಿಸಿದರೆ, ಮುಂದೆ ಹೋಗುವ ಆಜ್ಞೆಯೇ ಗೊತ್ತಿಲ್ಲ ಎಂದು ಪೈಥಾನ್ ಹೇಳಿತ್ತು. ಹಿಂದಿನ ಭಾನುವಾರ ನಡೆದದ್ದು ಈಗ ನಡೆಯುತ್ತಿರಲಿಲ್ಲ.

ನಾನು ಬಾಯಿ ತೆರೆಯುವ ಮೊದಲೇ ಅವಳೇ ಹೇಳಿದಳು: “ಮಾಮಾ, ನಾ ಫೈಲಿಗೆ ‘ಟರ್ಟಲ್’ ಅಂತಲೇ ಹೆಸರು ಇಟ್ಟಿದ್ದೆ. ಪೈಥಾನ್ ಆಮೆ ಎಲ್ಲುಂಟು ಅಂತ ಹುಡುಕುವಾಗ ಮೊದಲು ನಮ್ಮ ಕೇರಿಯಲ್ಲೇ ನೋಡ್ತದೆ ಅಲ್ದಾ? ಅಲ್ಲಿ ನನ್ನ ಫೈಲೇ ಸಿಕ್ಕಿತು, ಒಳಗಿನ ಆಮೆವರೆಗೆ ಹೋಗಲೇ ಇಲ್ಲ. ಹೆಸರು ಬದಲು ಮಾಡಿದೆ, ಸರಿ ಆಯ್ತು.”

“ಮತ್ತೆ ಫೋನು ಯಾಕೆ ಮಾಡಿದೆ?” ಎಂದು ಕೇಳಿದೆ.

“ಆ ಪೆನ್‌ಡ್ರೈವ್ ಇನ್ನೆರಡು ದಿನ ಇಟ್ಕೊಳ್ಲಾ? ತೆಂಕಣಕೇರಿಯ ಗೆಳತಿಗೆ ಹಾಕಿ ಕೊಡ್ಬೇಕು. ತನಗೆ ಬರೂದಿಲ್ಲ ಅಂತಾಳೆ ಅವಳು.”